ಅಂಗಡಿಯ ಬಿಲ್ಲೆ, ತೋಟದ ಬಟವಾಡೆ: ಚಿಲ್ಲರೆ ಬತ್ತಿದಾಗ ಹುಟ್ಟುವ ಖಾಸಗಿ ಹಣ

ಸರ್ಕಾರದ ಟಂಕಸಾಲೆಯಲ್ಲಿ ಅಚ್ಚಾಗದೆ, ವರ್ತಕನೋ ತೋಟದ ಮಾಲೀಕನೋ ಕಂಪನಿಯೋ ತನ್ನ ಹೆಸರಿನಲ್ಲಿ ಹೊರಡಿಸಿ, ಒಂದು ಸಣ್ಣ ವಲಯದೊಳಗೆ ಹಣದಂತೆಯೇ ಕೈಯಿಂದ ಕೈಗೆ ದಾಟುವ ಲೋಹದ, ರಟ್ಟಿನ ಅಥವಾ ಕಾಗದದ ತುಂಡಿಗೆ ವರ್ತಕರ ಬಿಲ್ಲೆ ಅಥವಾ ಟೋಕನ್ ಎಂದು ಹೆಸರು. ಇದನ್ನು ಖೋಟಾ ನಾಣ್ಯದೊಡನೆ ಬೆರೆಸಬಾರದು. ಖೋಟಾ ನಾಣ್ಯ ತಾನು ಸರ್ಕಾರದ್ದೆಂದು ಸೋಗು ಹಾಕಿದರೆ, ಬಿಲ್ಲೆ ತಾನು ಯಾರದೆಂಬುದನ್ನು ಮೈಮೇಲೆಯೇ ಹೇಳಿಕೊಂಡಿರುತ್ತದೆ. ದೇವರ ಮನೆಯಲ್ಲಿ ಪೂಜೆಗೊಳ್ಳುವ ರಾಮಟಂಕೆಯೂ ಬಿಲ್ಲೆಯೇ ಆದರೂ ಅದು ಹಣವಾಗಿ ಚಲಾವಣೆಗೆಂದು ಮಾಡಿದ್ದಲ್ಲ. ರಾಮ ಸೀತೆಯರ ಚಿತ್ರವೂ 1818ನೆಯ ಇಸವಿಯೂ ಈಸ್ಟ್ ಇಂಡಿಯಾ ಕಂಪನಿಯ ಹೆಸರೂ ಇರುವ ತುಂಡುಗಳನ್ನು ಲಕ್ಷಗಟ್ಟಲೆ ಬೆಲೆಬಾಳುವ ನಾಣ್ಯವೆಂದು ನಂಬಿ ಕೊಳ್ಳುವವರು ಇಂದಿಗೂ ಇದ್ದಾರೆ. ಕಂಪನಿ ಅಂಥ ನಾಣ್ಯವನ್ನು ಅಚ್ಚು ಹಾಕಿಸಿದ್ದೇ ಇಲ್ಲವೆಂಬುದನ್ನು ಇಲ್ಲಿಯೇ ಹೇಳಿ ಮುಂದೆ ಹೋಗುವುದು ಒಳ್ಳೆಯದು.

ವ್ಯಾಖ್ಯೆಗಿಂತ ಹೆಚ್ಚು ಗಮನ ಬೇಡುವುದು ಚಿಲ್ಲರೆಯ ಅಭಾವವೆಂಬ ಸಂಗತಿ. ಚಿಲ್ಲರೆ ಸಿಗುತ್ತಿಲ್ಲವೆಂದರೆ ನಾಡಿನಲ್ಲಿ ಹಣವಿಲ್ಲವೆಂದೋ ಟಂಕಸಾಲೆ ಸಾಕಷ್ಟು ನಾಣ್ಯ ಹಾಕುತ್ತಿಲ್ಲವೆಂದೋ ಹೆಚ್ಚಿನವರು ತಿಳಿಯುತ್ತಾರೆ. ಎರಡನೆಯದು ಕೆಲವೊಮ್ಮೆ ನಿಜವಿರಬಹುದು, ಆದರೆ ಇಡೀ ಉತ್ತರ ಅದರಲ್ಲಿಲ್ಲ. ಕೆರೆ ತುಂಬಿದ್ದರೂ ಕಾಲುವೆಯ ಕೊನೆಯ ಗದ್ದೆ ಒಣಗುವುದುಂಟು. ಹಾಗೆಯೇ ನಾಡಿನಲ್ಲಿರುವ ಒಟ್ಟು ನಾಣ್ಯಗಳ ಎಣಿಕೆ ಸಾಕಷ್ಟಿದ್ದರೂ, ಒಂದು ನಿರ್ದಿಷ್ಟ ಊರಿಗೆ, ಒಂದು ನಿರ್ದಿಷ್ಟ ದಿನಕ್ಕೆ, ಬೇಕಾದ ಮೌಲ್ಯದ ನಾಣ್ಯ ಬೇಕಾದಷ್ಟು ಬಂದು ತಲುಪದಿರಬಹುದು. ಇದನ್ನು ಅರಿಯಲು ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು, ಮಗ್ಗೆಯ ಕಾಫಿ ಬೆಟ್ಟಗಳಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಸಕಲೇಶಪುರ ಸೀಮೆಯ ಹಳೆಯ ಹೆಸರಾದ ಮಂಜರಾಬಾದಿನಲ್ಲಿ ಫ್ರೆಡರಿಕ್ ಗ್ರೀನ್ ಎಂಬ ಐರೋಪ್ಯ ಪ್ಲಾಂಟರು ಮೊದಲ ಕಾಫಿ ತೋಟ ತೆರೆದದ್ದು 1843ರಲ್ಲಿ. ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಆನೆ, ಸಿಂಹಗಳ ಚಿತ್ರವಿದ್ದು ‘ಮಯಿಲಿ ಕಾಸು’ ಎಂಬ ಕನ್ನಡ ಬರಹವನ್ನೂ ಹೊತ್ತ ತಾಮ್ರದ ನಾಣ್ಯಗಳನ್ನು ಅಚ್ಚು ಹಾಕುತ್ತಿದ್ದ ಮೈಸೂರು ಸಂಸ್ಥಾನದ ಟಂಕಸಾಲೆ, ಅಷ್ಟರಲ್ಲಿ ಬೆಂಗಳೂರಿಗೆ ಬಂದಿದ್ದು, ಮುಚ್ಚಿಹೋದದ್ದೂ ಅದೇ 1843ರಲ್ಲಿ. ಎರಡೂ ಒಂದೇ ವರ್ಷಕ್ಕೆ ಬಿದ್ದದ್ದು ಕಾಕತಾಳೀಯವೇ ಸರಿ. ಆದರೆ ಅದರ ಪರಿಣಾಮ ಕಾಕತಾಳೀಯವಲ್ಲ. ಕೂಲಿಯನ್ನು ಹಣದಲ್ಲಿಯೇ ಎಣಿಸಿ ಕೊಡಬೇಕಾದ ಹೊಸ ಉದ್ಯಮ ಬೆಟ್ಟದಲ್ಲಿ ಬೇರೂರುತ್ತಿದ್ದ ಕಾಲಕ್ಕೆ ಸರಿಯಾಗಿ, ನಾಡಿನೊಳಗೇ ತಾಮ್ರದ ಕಾಸು ಹುಟ್ಟುವ ಏರ್ಪಾಡು ನಿಂತುಹೋಯಿತು. ಆಮೇಲೆ ಚಿಲ್ಲರೆ ಬರಬೇಕಾದದ್ದು ಬ್ರಿಟಿಷ್ ಭಾರತದ ದೂರದ ಟಂಕಸಾಲೆಗಳಿಂದ. ಅವುಗಳಲ್ಲಿ ಹತ್ತಿರದ್ದಾಗಿದ್ದ ಮದ್ರಾಸಿನದೂ 1869ರಲ್ಲಿ ಮುಚ್ಚಿ, ಕಲ್ಕತ್ತಾ ಮತ್ತು ಬೊಂಬಾಯಿಗಳು ಮಾತ್ರ ಉಳಿದವು.

ತೋಟದ ಬಟವಾಡೆಯ, ಅಂದರೆ ವಾರದ ಕೂಲಿ ಹಂಚಿಕೆಯ, ಲೆಕ್ಕವನ್ನು ಒಂದು ಕಲ್ಪಿತ ಉದಾಹರಣೆಯಲ್ಲಿ ಹಾಕಿ ನೋಡಬಹುದು. ಇನ್ನೂರು ಆಳುಗಳಿರುವ ತೋಟದಲ್ಲಿ ದಿನಕ್ಕೆ ಎರಡೂವರೆ ಆಣೆ ಕೂಲಿಯಾದರೆ, ಆರು ದಿನಕ್ಕೆ ಒಬ್ಬ ಆಳಿಗೆ ಹದಿನೈದು ಆಣೆ. ರೂಪಾಯಿಗೆ ಹದಿನಾರು ಆಣೆಯ ಕಾಲವಾದ್ದರಿಂದ ಯಾರೊಬ್ಬರ ಕೈಗೂ ಇಡಿಯ ರೂಪಾಯಿ ಇಡುವಂತಿಲ್ಲ. ಕೊಡಬೇಕಾದ ಮೂರು ಸಾವಿರ ಆಣೆಯೂ, ಎಂದರೆ ನೂರ ಎಂಬತ್ತೇಳೂವರೆ ರೂಪಾಯಿಯೂ, ರೂಪಾಯಿಗಿಂತ ಚಿಕ್ಕ ನಾಣ್ಯದಲ್ಲಿಯೇ ಬರಬೇಕು. ಎಂಟಾಣೆ, ನಾಲ್ಕಾಣೆ, ಎರಡಾಣೆಯ ಬೆಳ್ಳಿ ನಾಣ್ಯಗಳು ಸಿಕ್ಕರೆ ಹದಿನಾಲ್ಕು ಆಣೆಯವರೆಗೆ ಹೇಗೋ ಸಾಗುತ್ತದೆ. ಉಳಿದ ಒಂದಾಣೆಗೆ ಅರ್ಧಾಣೆ, ಕಾಲಾಣೆಯ ತಾಮ್ರವೇ ಬೇಕು, ಏಕೆಂದರೆ ನಿಕಲ್ ಮಿಶ್ರಲೋಹದ ಒಂದಾಣೆಯ ನಾಣ್ಯ ಚಲಾವಣೆಗೆ ಬಂದದ್ದು 1907ರಲ್ಲಿ. ಸಣ್ಣ ಬೆಳ್ಳಿಯೂ ಸಿಗದೆ ಅಷ್ಟನ್ನೂ ಕಾಲಾಣೆಯಲ್ಲಿಯೇ ಹಂಚಬೇಕಾಯಿತೆನ್ನಿ. ಸುಮಾರು ಆರೂವರೆ ಗ್ರಾಂ ತೂಗುವ ಹನ್ನೆರಡು ಸಾವಿರ ನಾಣ್ಯ, ಒಟ್ಟು ಎಪ್ಪತ್ತೇಳು ಕಿಲೋಗೂ ಮೀರಿದ ತಾಮ್ರ ಪ್ರತಿ ವಾರ ಬೆಟ್ಟ ಹತ್ತಬೇಕು. ಅದೇ ಮೊತ್ತ ಬೆಳ್ಳಿಯ ರೂಪಾಯಿಯಲ್ಲಿ ಎರಡು ಕಿಲೋಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಚಿಲ್ಲರೆಯ ಸಮಸ್ಯೆಯನ್ನು ಅರ್ಥಶಾಸ್ತ್ರದ ಸೂತ್ರಗಳಿಗಿಂತ ಈ ತೂಕವೇ ಚೆನ್ನಾಗಿ ಕಲಿಸುತ್ತದೆ.

ಹತ್ತಿದ ತಾಮ್ರ ಅದೇ ವೇಗದಲ್ಲಿ ಇಳಿದು ಬರುವುದೂ ಇಲ್ಲ. ಆಳಿನ ಕೈಯಿಂದ ಅದು ಸಂತೆಯ ಉಪ್ಪು, ಮೆಣಸಿನಕಾಯಿ, ಹೊಗೆಸೊಪ್ಪಿನ ವ್ಯಾಪಾರಿಗೆ ಹೋಗುತ್ತದೆ, ಅವನು ಅದನ್ನು ಮತ್ತೊಂದು ಊರಿನ ಸಂತೆಗೆ ಒಯ್ಯುತ್ತಾನೆ, ಒಂದಿಷ್ಟು ಮನೆಯ ಡಬ್ಬಿಯಲ್ಲಿ ಕೂರುತ್ತದೆ. ತೋಟದ ಮಾಲೀಕನಾದರೋ ಕಾಫಿ ಮಾರಿ ಪಡೆಯುವುದು ಹುಂಡಿ ಮತ್ತು ದೊಡ್ಡ ಮೊತ್ತದ ಹಣ. ಹೀಗೆ ದೊಡ್ಡ ಹಣ ಒಂದು ದಾರಿಯಲ್ಲಿ ಬಂದು ಸಣ್ಣ ಹಣ ಇನ್ನೊಂದು ದಾರಿಯಲ್ಲಿ ಹೋಗುವ ಕಡೆಗಳಲ್ಲಿ, ಅಂದರೆ ತೋಟ, ಗಣಿ, ಗಿರಣಿಗಳಲ್ಲಿ, ಖಾಸಗಿ ಬಿಲ್ಲೆ ಜಗತ್ತಿನಾದ್ಯಂತ ಮತ್ತೆ ಮತ್ತೆ ತಲೆಯೆತ್ತಿದೆ. ಇಂಗ್ಲೆಂಡಿನಲ್ಲಿ 1648ರಿಂದ 1672ರವರೆಗೆ ಅಂಗಡಿಕಾರರು, ಹೋಟೆಲಿನವರು ತಮ್ಮ ತಮ್ಮ ಹೆಸರಿನ ಬಿಲ್ಲೆಗಳನ್ನು ಹೊರಡಿಸಿದರು. 1787ರಲ್ಲಿ ಆಂಗಲ್ಸೀ ದ್ವೀಪದ ಪಾರಿಸ್ ತಾಮ್ರದ ಗಣಿಯ ಕಂಪನಿ ಹೊರಡಿಸಿದ ಪೆನ್ನಿ, ಸರ್ಕಾರದ ನಾಣ್ಯಕ್ಕಿಂತ ಅಂದವಾಗಿತ್ತೆಂದು ನಾಣ್ಯ ಸಂಗ್ರಾಹಕರು ಇಂದಿಗೂ ಮೆಚ್ಚುತ್ತಾರೆ. ಮಂಜರಾಬಾದಿನ ಪ್ಲಾಂಟರುಗಳ ಸಮಕಾಲೀನರಾದ ಸಿಂಹಳದ ಕಾಫಿ ವರ್ತಕರೂ ಬಿಲ್ಲೆ ಬಳಸಿದರು. ಕೊಲಂಬೊದ ಜಾರ್ಜ್ ಸ್ಟುವರ್ಟ್ ಕಂಪನಿಯ ವೇಕಂದ ಗಿರಣಿಯ ಬಿಲ್ಲೆ ಅವುಗಳಲ್ಲಿ ಪ್ರಸಿದ್ಧ. ಅಸ್ಸಾಮಿನ ಚಹಾ ತೋಟಗಳ ಬಿಲ್ಲೆಗಳಂತೂ ದುಂಡು, ಷಟ್ಕೋನ, ನಡುವೆ ತೂತುಳ್ಳದ್ದು ಎಂದು ನಾನಾ ಆಕಾರಗಳಲ್ಲಿದ್ದವು.

ಓದುಗರು ಎಡವುವ ಮುಖ್ಯ ಜಾಗ ಮುಂದಿನದು. ಬಿಲ್ಲೆಯ ಬೆಲೆ ಅದರ ಲೋಹದಲ್ಲಿದೆಯೆಂದು ಕೆಲವರೂ, ಅದಕ್ಕೆ ಬೆಲೆಯೇ ಇಲ್ಲದ್ದರಿಂದ ಅದೊಂದು ಮೋಸವೆಂದು ಕೆಲವರೂ ತಿಳಿಯುತ್ತಾರೆ. ಎರಡೂ ತಪ್ಪು. ಬಿಲ್ಲೆಯ ಬೆಲೆ ಇರುವುದು ಅದನ್ನು ಹೊರಡಿಸಿದವನು ಹಿಂದಕ್ಕೆ ತೆಗೆದುಕೊಂಡು ಸರ್ಕಾರಿ ಹಣ ಕೊಡುತ್ತಾನೆಂಬ ಭರವಸೆಯಲ್ಲಿ. ಒಂದಾಣೆಯ ಹದಿನಾರು ಬಿಲ್ಲೆಗಳನ್ನು ಕೂಡಿಸಿ ತಂದವನಿಗೆ ಒಂದು ಬೆಳ್ಳಿ ರೂಪಾಯಿ ಎಣಿಸಿ ಕೊಡುವ ವ್ಯವಸ್ಥೆಯಿದ್ದರೆ, ಹೊರಡಿಸಿದವನ ಬಳಿ ಚಿಲ್ಲರೆಯೇ ಇಲ್ಲದಿದ್ದರೂ ಅವನ ಮಾತು ಉಳಿಯುತ್ತದೆ, ಏಕೆಂದರೆ ಅವನಲ್ಲಿ ಕೊರತೆಯಿದ್ದದ್ದು ಸಣ್ಣ ನಾಣ್ಯಕ್ಕೆ, ರೂಪಾಯಿಗಲ್ಲ. ಇಷ್ಟು ಸರಳವಾದ ಉಪಾಯದಲ್ಲಿ ಇಷ್ಟೊಂದು ಜಾಣ್ಮೆ ಅಡಗಿರುವುದು ಈ ವಿಷಯವನ್ನು ಎಷ್ಟು ಸಲ ವಿವರಿಸಿದರೂ ಬೇಸರ ಬಾರದಿರುವುದಕ್ಕೆ ಕಾರಣ. ಹೊರಡಿಸಿದವನನ್ನು ಹದ್ದಿನಲ್ಲಿಡುವುದು ಪೊಲೀಸರಲ್ಲ, ನೆರೆಯ ಅಂಗಡಿಯವರು: ಒಮ್ಮೆ ಅವನು ಮರುಪಾವತಿಗೆ ಹಿಂದೇಟು ಹಾಕಿದನೆಂಬ ಸುದ್ದಿ ಹರಡಿದರೆ ಮರುದಿನವೇ ಆ ಬಿಲ್ಲೆಯನ್ನು ಯಾರೂ ಮುಟ್ಟುವುದಿಲ್ಲ. ಹೆಸರು ಪರಿಚಯವಿರುವಷ್ಟು ದೂರ ಮಾತ್ರ ಬಿಲ್ಲೆ ಓಡುವುದೂ ಇದೇ ಕಾರಣಕ್ಕೆ. ಹೊರಡಿಸಿದವನಿಗೆ ಲಾಭವಿಲ್ಲವೆಂದೇನೂ ಅಲ್ಲ. ಹೊರಗೆ ಓಡಾಡುತ್ತಿರುವಷ್ಟು ಬಿಲ್ಲೆ ಅವನಿಗೆ ಬಡ್ಡಿಯಿಲ್ಲದ ಸಾಲ, ಕಳೆದುಹೋದಷ್ಟು ಅವನ ಪಾಲಿಗೆ ನೇರ ಗಳಿಕೆ.

ಇದೇ ಬಿಲ್ಲೆ ಶೋಷಣೆಯ ಸಾಧನವೂ ಆಗಬಲ್ಲದು. ಕೂಲಿಯನ್ನು ಬಿಲ್ಲೆಯಲ್ಲಿ ಕೊಟ್ಟು, ಅದು ತೋಟದೊಳಗಿನ ಅಂಗಡಿಯಲ್ಲಿ ಮಾತ್ರ ನಡೆಯುವಂತೆ ಮಾಡಿ, ಅಲ್ಲಿ ಅಕ್ಕಿಗೂ ಬಟ್ಟೆಗೂ ಹೊರಗಿನದಕ್ಕಿಂತ ಹೆಚ್ಚಿನ ಬೆಲೆ ಹಾಕಿದರೆ, ಆಳು ದುಡಿದದ್ದರ ಒಂದು ಪಾಲು ಕೊಟ್ಟವನಿಗೇ ಮರಳುತ್ತದೆ. ತೋಟ ಬಿಟ್ಟು ಊರಿಗೆ ಹೋಗಲು ಬೇಕಾದ ನಗದೂ ಅವನ ಕೈಯಲ್ಲಿರುವುದಿಲ್ಲ. ಎರಡು ಬಗೆಯ ಬಿಲ್ಲೆಗಳೂ ನೋಡಲು ಒಂದೇ ತೆರನಾಗಿರುವುದರಿಂದ, ಬಿಲ್ಲೆಗಳ ಇತಿಹಾಸವನ್ನು ಬರಿಯ ವರ್ತಕರ ಚಾತುರ್ಯದ ಕಥೆಯಾಗಿ ಬರೆಯುವ ಸಂಗ್ರಾಹಕರ ಪುಸ್ತಕಗಳನ್ನು ಎಚ್ಚರಿಕೆಯಿಂದ ಓದಬೇಕು. ಕೇಳಬೇಕಾದ ಪ್ರಶ್ನೆ ಒಂದೇ: ಹಿಡಿದವನು ಬಯಸಿದಾಗ ಅದಕ್ಕೆ ರೂಪಾಯಿ ಸಿಗುತ್ತಿತ್ತೇ, ಇಲ್ಲವೇ? ಬ್ರಿಟನ್ ಇಂಥ ಪದ್ಧತಿಯನ್ನು 1831ರ ಕಾಯ್ದೆಯಿಂದ ನಿಷೇಧಿಸಿತು. ಭಾರತದಲ್ಲಿ 1936ರ ವೇತನ ಪಾವತಿ ಕಾಯ್ದೆ, ಕೂಲಿಯನ್ನು ಚಲಾವಣೆಯಲ್ಲಿರುವ ನಾಣ್ಯ ಅಥವಾ ನೋಟುಗಳಲ್ಲಿಯೇ ಕೊಡಬೇಕೆಂದು ವಿಧಿಸಿತು.

ಬಿಲ್ಲೆ ಹೊರಡಿಸುವುದನ್ನೇ ತಡೆಯುವ ಕಾನೂನು ಇದಕ್ಕಿಂತ ಹಳೆಯದು. 1889ರ ಲೋಹ ಬಿಲ್ಲೆಗಳ ಕಾಯ್ದೆ, ಮುದ್ರೆಯಿರಲಿ ಇಲ್ಲದಿರಲಿ, ಹಣವಾಗಿ ಬಳಸುವ ಉದ್ದೇಶದ ಲೋಹದ ತುಂಡುಗಳನ್ನು ಖಾಸಗಿಯವರು ತಯಾರಿಸುವುದನ್ನೂ ಹೊರಡಿಸುವುದನ್ನೂ ಬ್ರಿಟಿಷ್ ಭಾರತದಲ್ಲಿ ಅಪರಾಧವಾಗಿಸಿತು. ನೇರ ಬ್ರಿಟಿಷ್ ಆಡಳಿತದಲ್ಲಿದ್ದ ಕೊಡಗಿನ ತೋಟಗಳು ಈ ಕಾಯ್ದೆಯ ವ್ಯಾಪ್ತಿಗೆ ಬಂದರೆ, ಗಡಿಯಾಚೆ ಮೈಸೂರು ಸಂಸ್ಥಾನದಲ್ಲಿದ್ದ ಮಂಜರಾಬಾದಿಗೆ ಅದು ತಾನಾಗಿಯೇ ಅನ್ವಯಿಸುತ್ತಿರಲಿಲ್ಲ. ಬೇಡಿಕೆಯ ಮೇಲೆ ಹಿಡಿದವನಿಗೆ ಹಣ ಕೊಡುವೆನೆಂಬ ಖಾಸಗಿ ಕಾಗದವನ್ನು 1934ರ ರಿಸರ್ವ್ ಬ್ಯಾಂಕ್ ಕಾಯ್ದೆಯ 31ನೆಯ ಕಲಂ ತಡೆಯಿತು. 1889ರ ಕಾಯ್ದೆ 2011ರ ನಾಣ್ಯ ಕಾಯ್ದೆಯಲ್ಲಿ ಲೀನವಾಗಿ, ಆ ನಿಷೇಧ ಇಂದಿಗೂ ಜಾರಿಯಲ್ಲಿದೆ.

ನಿಷೇಧವಿದ್ದ ಮಾತ್ರಕ್ಕೆ ಅಗತ್ಯ ಅಳಿಯುವುದಿಲ್ಲ. ಇಟಲಿಯಲ್ಲಿ 1975ರಿಂದ ಮೂರು ವರ್ಷ ಚಿಲ್ಲರೆ ಬತ್ತಿದಾಗ ಬ್ಯಾಂಕುಗಳೇ ಅಂಗೈಯಗಲದ ಕಿರುಚೆಕ್ಕುಗಳನ್ನು ಹಂಚಿದವು, ದೂರವಾಣಿಯ ಬಿಲ್ಲೆ ಐವತ್ತು ಲೀರಾ ನಾಣ್ಯದ ಬದಲಿಗೆ ನಡೆಯಿತು. ಭಾರತದಲ್ಲಿ 2007ರಲ್ಲಿ ನಾಣ್ಯಗಳು ಕರಗಿ ಬಾಂಗ್ಲಾದೇಶದಲ್ಲಿ ಬ್ಲೇಡುಗಳಾಗುತ್ತಿವೆಯೆಂಬ ವರದಿಗಳ ನಡುವೆ, ಅಸ್ಸಾಮಿನ ಕೆಲವು ಚಹಾ ತೋಟಗಳು ರಟ್ಟಿನ ಚೀಟಿಗಳನ್ನು ನಾಣ್ಯದ ಬದಲು ಕೊಟ್ಟವು. ಮುಖಬೆಲೆಗಿಂತ ಲೋಹ ದುಬಾರಿಯಾದರೆ ನಾಣ್ಯ ಕುಲುಮೆಯ ದಾರಿ ಹಿಡಿಯುವುದು ಸಹಜ. ಅಚ್ಚಿನ ಖರ್ಚೇ ಮುಖಬೆಲೆಯನ್ನು ಮೀರುವುದೂ ಉಂಟು. ಒಂದು ರೂಪಾಯಿ ನಾಣ್ಯಕ್ಕೆ 1 ರೂಪಾಯಿ 11 ಪೈಸೆ ತಗಲುತ್ತದೆಂದು 2018ರಲ್ಲಿ ಮಾಹಿತಿ ಹಕ್ಕಿನ ಉತ್ತರವೊಂದರಿಂದ ತಿಳಿದುಬಂತು.

ಮಲೆನಾಡಿನ ಬಸ್ಸು ಹತ್ತಿದ ಯಾರಿಗಾದರೂ ಈ ವಿಷಯದ ಅನುಭವ ಆಗಿಯೇ ಇರುತ್ತದೆ. ನಿರ್ವಾಹಕ ಟಿಕೆಟಿನ ಹಿಂದೆ ಬರೆದುಕೊಡುವ ಬಾಕಿಯ ಅಂಕಿ ಒಂದು ಋಣಪತ್ರವೇ, ಆದರೆ ಆ ಬಸ್ಸಿನಾಚೆ ಅದನ್ನು ಯಾರೂ ಸ್ವೀಕರಿಸದ ಕಾರಣ ಅದು ಹಣವಾಗುವುದಿಲ್ಲ. ಅಂಗಡಿಯವರು ಒಂದು ರೂಪಾಯಿಯ ಬದಲು ಕೊಡುವ ಚಾಕೊಲೇಟಂತೂ ಬಿಲ್ಲೆಯ ಹತ್ತಿರಕ್ಕೂ ಬಾರದು, ಏಕೆಂದರೆ ಅದನ್ನೇ ಮರಳಿಸಿ ಬೆಂಕಿಪೊಟ್ಟಣ ಕೇಳಿದರೆ ಅದೇ ಅಂಗಡಿ ಒಪ್ಪುವುದಿಲ್ಲ. ಇದರ ತಲೆಕೆಳಗಾದ ಉದಾಹರಣೆ ಹತ್ತು ರೂಪಾಯಿಯ ನಾಣ್ಯ: ಕಾನೂನುಬದ್ಧ ಹಣವಾಗಿದ್ದೂ, ಹದಿನಾಲ್ಕು ವಿನ್ಯಾಸಗಳೂ ಸಿಂಧುವೆಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿ ಸಾರಿ ಹೇಳಿದ್ದರೂ, ಕರ್ನಾಟಕದ ಎಷ್ಟೋ ಊರುಗಳಲ್ಲಿ ಅದು ನಡೆಯಲಿಲ್ಲ. ಮುಂದಿನವನು ತೆಗೆದುಕೊಳ್ಳುತ್ತಾನೆಂಬ ನಂಬಿಕೆ ಕುಸಿದರೆ ಸರ್ಕಾರದ ಮುದ್ರೆಯೂ ಸಾಲದು. 2016ರ ನೋಟು ರದ್ದತಿಯ ವಾರಗಳಲ್ಲಿ ಕೂಲಿ ಬಟವಾಡೆಗೆ ನಗದಿಲ್ಲದೆ ಪರದಾಡಿದ ತೋಟಗಳಿಗೆ ಈ ಮಾತಿನ ಅರ್ಥ ಚೆನ್ನಾಗಿ ಗೊತ್ತು; ಆ ವರ್ಷದ ಡಿಸೆಂಬರಿನಲ್ಲಿಯೇ ವೇತನವನ್ನು ನೇರ ಬ್ಯಾಂಕ್ ಖಾತೆಗೆ ಹಾಕಲು ಅನುವಾಗುವಂತೆ 1936ರ ಕಾಯ್ದೆಗೆ ಸುಗ್ರೀವಾಜ್ಞೆಯ ಮೂಲಕ ತಿದ್ದುಪಡಿ ತರಲಾಯಿತು.

ಈ ಇತಿಹಾಸದ ಮೂಲ ಸಾಮಗ್ರಿ ಇರುವುದು ದೊಡ್ಡ ಗ್ರಂಥಾಲಯಗಳಲ್ಲಲ್ಲ, ಹಳೆಯ ತೋಟಗಳ ಬಂಗಲೆಗಳಲ್ಲಿ, ರೈಟರುಗಳು ಬರೆದಿಟ್ಟ ಹಾಜರಿ ಪುಸ್ತಕ ಮತ್ತು ಬಟವಾಡೆ ಲೆಕ್ಕಗಳಲ್ಲಿ, ಸಂತೆಯ ಹಳೆಯ ಅಂಗಡಿಗಳ ಗಲ್ಲಾಪೆಟ್ಟಿಗೆಗಳಲ್ಲಿ. ಮಲೆನಾಡಿನ ಮಳೆಗೂ ಗೆದ್ದಲಿಗೂ ಕಾಗದ ಹೆಚ್ಚು ದಿನ ಉಳಿಯದು. ತಾಮ್ರದ ತುಂಡು ಗುಜರಿಯವನ ತಕ್ಕಡಿ ಸೇರಲು ಒಂದು ದಿನ ಸಾಕು. ಸಕಲೇಶಪುರ, ಆಲೂರು, ಮಗ್ಗೆಯ ಮನೆಗಳಲ್ಲಿ ಹೆಸರು ಅಥವಾ ಅಂಕಿ ಕೊರೆದ ಬಿಲ್ಲೆಯೇನಾದರೂ ಕಂಡರೆ, ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಬಾರದು. ಎರಡೂ ಬದಿಯ ಚಿತ್ರ ತೆಗೆದು, ತೂಕ, ಅಗಲ, ಸಿಕ್ಕ ಜಾಗ ಮತ್ತು ಮನೆಯ ಹಿರಿಯರು ಅದರ ಬಗ್ಗೆ ಹೇಳುವ ಮಾತನ್ನು ಬರೆದಿಟ್ಟು, ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೋ ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೋ ತೋರಿಸಬೇಕು. ಬಟವಾಡೆ ಪುಸ್ತಕಗಳನ್ನು ರದ್ದಿಗೆ ಹಾಕುವ ಮೊದಲು ಒಮ್ಮೆ ಪುಟ ತಿರುಗಿಸಿ, ಕೂಲಿಯ ಅಂಕಣದಲ್ಲಿ ನಗದು ಎಷ್ಟು, ಚೀಟಿ ಎಷ್ಟು, ಅಂಗಡಿ ಬಾಕಿ ಎಷ್ಟು ಎಂದು ನೋಡುವ ತಾಳ್ಮೆಯನ್ನು ತೋಟಗಳ ಇಂದಿನ ತಲೆಮಾರು ತೋರಬೇಕೆಂದು ಈ ಹೊತ್ತಿಗೆ ಕೋರುತ್ತದೆ.