ಸ್ಟಿಯರಿಂಗ್ ಕೆಳಗೊಬ್ಬ ದುಭಾಷಿ

ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ಅರ್ಧ ತಾಸು ನಿಂತರೆ ಸಾಕು, ನಾಲ್ಕು ಭಾಷೆ ಕಿವಿಗೆ ಬೀಳುತ್ತವೆ: ಕನ್ನಡ, ಉರ್ದು, ಮರಾಠಿ, ತೆಲುಗು. ಪುಣೆಯಿಂದ ಹೈದರಾಬಾದಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 65ಕ್ಕೆ ಬೀದರ್–ಕಲಬುರಗಿ ರಸ್ತೆ ಬಂದು ಕೂಡುವ ಊರು ಇದು. ಗುರುತಿಲ್ಲದ ಪ್ರಯಾಣಿಕ ಎದುರಾದರೆ ಕಂಡಕ್ಟರ್ ಮೊದಲು ‘ಎಲ್ಲಿಗ್ರಿ?’ ಅನ್ನುತ್ತಾನೆ. ಜವಾಬು ಬರದಿದ್ದರೆ ಉರ್ದುವಿಗೆ ಹೊರಳುತ್ತಾನೆ, ಅದಕ್ಕೂ ಮುಖ ಅರಳದಿದ್ದರೆ ಮರಾಠಿಗೆ. ಯಾವ ಭಾಷೆಗೆ ಜವಾಬು ಸಿಕ್ಕಿತೋ ಮುಂದಿನ ಮಾತು, ಚಿಲ್ಲರೆ ಜಗಳ ಎಲ್ಲವೂ ಅದರಲ್ಲೇ.

ಕಾರಿಗೆ ಚುಚ್ಚುವ ವೈರ್‌ಲೆಸ್ ಸ್ಕ್ಯಾನರ್ ಎಂಬ ಬೆಂಕಿಪೊಟ್ಟಣದಷ್ಟು ಗಾತ್ರದ ಡಬ್ಬಿಯೂ ಹೀಗೇ ಕೆಲಸ ಮಾಡುತ್ತದೆ. ನನಗದು ತಿಳಿದದ್ದು ಡಬ್ಬಿ ಕೊಂಡ ಮೇಲೆ. ಕೊಳ್ಳುವ ಹಾಗೆ ಮಾಡಿದ್ದು ಒಂದು ಹಳದಿ ದೀಪ.

ತೊಗರಿ ರಾಶಿಯ ದಿನಗಳು. ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಮರಳುವಾಗ, ಸಸ್ತಾಪುರ ಬಂಗ್ಲಾ ಇನ್ನೂ ದೂರವಿದ್ದಾಗ, ಮೀಟರಿನಲ್ಲಿ ಎಂಜಿನ್ ಆಕಾರದ ದೀಪ ಹತ್ತಿಕೊಂಡಿತು. ಗಾಡಿ ಓಡುತ್ತಿತ್ತು. ನಿಂತಾಗ ಮಾತ್ರ ಎಂಜಿನ್ ಸಣ್ಣಗೆ ನಡುಗುತ್ತಿತ್ತು. ಆ ದೀಪ ‘ಏನೋ ಸರಿಯಿಲ್ಲ’ ಎನ್ನುತ್ತದೆ, ಏನೆಂದು ಹೇಳುವುದಿಲ್ಲ. ಸ್ಥಿರವಾಗಿ ಉರಿದರೆ ನಿಧಾನವಾಗಿ ಊರು ಸೇರಬಹುದು. ಮಿಟುಕತೊಡಗಿದರೆ ಮಾತ್ರ ಕಾಲು ಸಡಿಲಿಸಿ ಬದಿಗೆ ನಿಲ್ಲಿಸಬೇಕು. ಆಗ ಸುಡದ ಪೆಟ್ರೋಲು ಹೊಗೆಕೊಳವೆಗೆ ಇಳಿದು, ಅಲ್ಲಿನ ಹೊಗೆ ಶುದ್ಧಿ ಮಾಡುವ ದುಬಾರಿ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತಿರುತ್ತದೆ.

ಡಬ್ಬಿ ಹಾಕುವುದು ಎರಡು ನಿಮಿಷದ ಕೆಲಸ. ಕೀಲಿ ತೆಗೆದು, ಸ್ಟಿಯರಿಂಗ್ ಕೆಳಗೆ ಮೊಣಕಾಲಿನ ಹತ್ತಿರ ಬಗ್ಗಿ ನೋಡಿದರೆ 16 ತೂತುಗಳ, ಒಂದು ಬದಿ ಅಗಲ ಇನ್ನೊಂದು ಬದಿ ಕಿರಿದಾದ ಸಾಕೆಟ್ ಕಾಣುತ್ತದೆ. ಕೆಲವು ಕಾರುಗಳಲ್ಲಿ ಅದಕ್ಕೆ ಮುಚ್ಚಳವಿರುತ್ತದೆ. ಆಕಾರವೇ ತಲೆಕೆಳಗಾಗಿ ಹಾಕಲು ಬಿಡುವುದಿಲ್ಲ. ಡಬ್ಬಿ ಒತ್ತಿ, ಕೀಲಿ ತಿರುಗಿಸಿ, ಫೋನಿನ ಬ್ಲೂಟೂತ್‌ನಲ್ಲಿ ಹುಡುಕಿ, 1234 ಅಥವಾ 0000 ಎಂಬ ಗುಟ್ಟಿಲ್ಲದ ಗುಟ್ಟಿನ ಸಂಖ್ಯೆ ಕೊಟ್ಟರೆ ಜೋಡಿ ಆಯಿತು. ಐಫೋನ್ ಇದ್ದವರು ಕೊಳ್ಳುವ ಮುಂಚೆ ನೋಡಿಕೊಳ್ಳಬೇಕು. ಹಳೆಯ ಬಗೆಯ ಬ್ಲೂಟೂತ್ ಡಬ್ಬಿಗೆ ಅದು ಒಗ್ಗುವುದಿಲ್ಲ, ವೈಫೈ ಅಥವಾ ಕಡಿಮೆ ವಿದ್ಯುತ್ತಿನ ಹೊಸ ಬ್ಲೂಟೂತ್ ಇರುವುದೇ ಬೇಕು. ಇಷ್ಟಾದ ಮೇಲೆ ಆ್ಯಪ್ ತೆರೆದರೆ ಪರದೆಯ ಮೇಲೆ ‘ಹುಡುಕುತ್ತಿದೆ’ ಎಂಬ ಅರ್ಥದ ಮಾತು ಕೆಲವು ಕ್ಷಣ ನಿಲ್ಲುತ್ತದೆ. ಆ ಕ್ಷಣಗಳಲ್ಲಿ ನಮ್ಮ ಕಂಡಕ್ಟರ್ ಭಾಷೆ ಬದಲಿಸಿ ಬದಲಿಸಿ ಕೇಳುತ್ತಿರುತ್ತಾನೆ.

ಈ ಸಾಕೆಟ್ಟಿನಲ್ಲಿ ಆಡುವ ಭಾಷೆಗಳು ಐದು. ಅಮೆರಿಕದ ಹಳೆಯ ಕಾರುಗಳದು ಎರಡು, ಏಷ್ಯಾ ಮತ್ತು ಯುರೋಪಿನ ಹಳೆಯ ಕಾರುಗಳದು ಇನ್ನೆರಡು, ಇವತ್ತು ಹೆಚ್ಚುಕಡಿಮೆ ಎಲ್ಲ ಕಾರೂ ಆಡುವ ‘ಕ್ಯಾನ್’ ಐದನೆಯದು. ಜರ್ಮನಿಯ ಬಾಷ್ ಕಂಪನಿ ಅದನ್ನು 1986ರಲ್ಲಿ ಜಗತ್ತಿನ ಮುಂದಿಟ್ಟಿತು. ಸಾಕೆಟ್ಟಿನ 6 ಮತ್ತು 14ನೇ ಪಿನ್‌ಗಳಿಗೆ ಒಂದಕ್ಕೊಂದು ಹೆಣೆದ ಎರಡು ತಂತಿ ಬಂದಿರುತ್ತವೆ. ಸುಮ್ಮನಿದ್ದಾಗ ಎರಡರಲ್ಲೂ ಎರಡೂವರೆ ವೋಲ್ಟ್. ಮಾತು ಶುರುವಾದಾಗ ಒಂದು ಮೂರೂವರೆಗೆ ಏರುತ್ತದೆ, ಇನ್ನೊಂದು ಒಂದೂವರೆಗೆ ಇಳಿಯುತ್ತದೆ. ಕೇಳುವವರು ಎರಡರ ನಡುವಿನ ಅಂತರವನ್ನಷ್ಟೇ ನೋಡುತ್ತಾರೆ. ಸ್ಪಾರ್ಕ್ ಪ್ಲಗ್ಗಿನ ಕಿಡಿಯ ಗದ್ದಲ ಹೊಕ್ಕರೂ ಎರಡು ತಂತಿಗೂ ಸಮನಾಗಿ ಹೊಗುತ್ತದೆ, ಅಂತರ ಕೆಡುವುದಿಲ್ಲ. ಹೀಗಾಗಿ ಎಂಜಿನ್ ಪಕ್ಕದಲ್ಲೇ ಸೆಕೆಂಡಿಗೆ ಐದು ಲಕ್ಷ ಬಿಟ್ ವೇಗದಲ್ಲಿ ಮಾತು ಸಾಗುತ್ತದೆ.

ಡಬ್ಬಿಯೊಳಗಿನ ದುಭಾಷಿಗೂ ಒಂದು ಕತೆ ಇದೆ. ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ಎಂಬ ಪುಟ್ಟ ಕಂಪನಿ 2005ರಲ್ಲಿ ಇಎಲ್‌ಎಂ327 ಎಂಬ ಚಿಪ್ ತಂದಿತು. ಈ ಚಿಪ್ ಐದೂ ಭಾಷೆಯನ್ನು ಸಾದಾ ಅಕ್ಷರಗಳಿಗೆ ಇಳಿಸಿಬಿಟ್ಟಿತು. ಆದರೆ ಮೊದಲ ಆವೃತ್ತಿಯ ಚಿಪ್ಪಿನಲ್ಲಿ ನಕಲು ತಡೆಯುವ ಬೀಗವನ್ನು ಹಾಕಿರಲಿಲ್ಲ. ನಕಲಿಗಳು ಜಗತ್ತನ್ನೇ ತುಂಬಿದವು. ಕೆಲವು ನೂರು ರೂಪಾಯಿಗೆ ಸಿಗುವ ಡಬ್ಬಿಗಳ ಮೇಲೆ ‘ಆವೃತ್ತಿ 1.5’ ಎಂದು ಬರೆದಿರುವುದುಂಟು. ಎಲ್ಮ್ ಅಂಥ ಆವೃತ್ತಿಯನ್ನು ಮಾಡಿಯೇ ಇರಲಿಲ್ಲ. 2022ರಲ್ಲಿ ಆ ಕಂಪನಿ ಬಾಗಿಲು ಹಾಕಿತು. ಅದರ ಭಾಷೆ ಮಾತ್ರ ನಕಲಿಗಳ ಬಾಯಲ್ಲೇ ಇನ್ನೂ ಬದುಕಿದೆ.

ಸಂಭಾಷಣೆ ಹೇಗಿರುತ್ತದೆ? ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ಫೋನ್ ಕೇಳಬೇಕಾದರೆ ‘01 0ಸಿ’ ಎನ್ನುತ್ತದೆ. ಕಾರಿನ ಕಂಪ್ಯೂಟರ್ ‘41 0ಸಿ 1ಎ ಎಫ್8’ ಎಂದಿತು ಅನ್ನಿ. ಮೊದಲೆರಡು ತುಂಡುಗಳು ‘ನೀನು ಕೇಳಿದ್ದಕ್ಕೆ ಜವಾಬು’ ಎಂಬ ಒಪ್ಪಿಗೆ. ಉಳಿದವು ಹದಿನಾರರ ಲೆಕ್ಕದ ಅಂಕಿಗಳು: 1ಎ ಎಂದರೆ 26, ಎಫ್8 ಎಂದರೆ 248. 26ನ್ನು 256ರಿಂದ ಗುಣಿಸಿ 248 ಕೂಡಿದರೆ 6904. ನಾಲ್ಕರಿಂದ ಭಾಗಿಸಿದರೆ 1726 ಸುತ್ತು. ನೀರಿನ ಬಿಸಿ ಕೇಳಿದರೆ 123 ಎಂಬ ಒಂದೇ ಅಂಕಿ ಬರಬಹುದು. ಅದರಲ್ಲಿ 40 ಕಳೆದರೆ 83 ಡಿಗ್ರಿ ಸೆಲ್ಸಿಯಸ್. ನಲವತ್ತು ಕಳೆಯುವುದು ಯಾಕೆಂದರೆ ಆ ಅಂಕಿ ಸೊನ್ನೆಗಿಂತ ಕೆಳಗೆ ಇಳಿಯಲಾರದು, ಆದರೆ ಹಿಮದ ನಾಡಿನ ಕಾರು ಇಳಿಯುತ್ತದೆ. ನಮ್ಮ ಕಡೆಯ ಬೇಸಿಗೆಗೆ ಆ ಜಾಗ ಖಾಲಿಯೇ ಉಳಿಯುತ್ತದೆ.

ಇಷ್ಟೆಲ್ಲ ಮಾತು ಕಾರಿಗೆ ಯಾಕೆ ಕಲಿಸಿದರು? ಮಾಲೀಕನ ಮೇಲಿನ ಕರುಣೆಯಿಂದಲ್ಲ, ಹೊಗೆಯ ಕಾಟಕ್ಕೆ. ಲಾಸ್ ಏಂಜಲಿಸ್ ನಗರದ ಕಣ್ಣುರಿಸುವ ಮಬ್ಬು ಎಲ್ಲಿಂದ ಬರುತ್ತದೆಂದು 1950ರ ಆಸುಪಾಸಿನಲ್ಲಿ ಕಂಡುಹಿಡಿದವರು ಡಚ್ ಮೂಲದ ರಸಾಯನ ವಿಜ್ಞಾನಿ ಆರಿ ಹಾಗನ್-ಸ್ಮಿಟ್. ಅನಾನಸ್ ಹಣ್ಣಿನ ಪರಿಮಳ ಏತರದೆಂದು ಹುಡುಕುತ್ತಿದ್ದ ಮನುಷ್ಯ ಅವರು. ಕಾರಿನಿಂದ ಬರುವ ಸುಡದ ಇಂಧನ, ಸಾರಜನಕದ ಆಕ್ಸೈಡುಗಳು ಬಿಸಿಲಿನಲ್ಲಿ ಬೆರೆತು ಓಝೋನ್ ಆಗುತ್ತವೆಂದು ತೋರಿಸಿದರು. ಹೊಸ ಕಾರನ್ನು ಪರೀಕ್ಷಿಸಿ ಬಿಟ್ಟರೆ ಮುಗಿಯುವುದಿಲ್ಲ, ನಾಲ್ಕಾರು ವರ್ಷದ ಮೇಲೆ ಒಂದು ಸೆನ್ಸರ್ ಸತ್ತರೂ ಹೊಗೆ ಕೆಡುತ್ತದೆ, ಓಡಿಸುವವನಿಗೆ ಅದು ಗೊತ್ತೂ ಆಗುವುದಿಲ್ಲ. ಹಾಗಾಗಿ ಕಾರೇ ತನ್ನನ್ನು ಕಾಯಬೇಕೆಂದು ಕ್ಯಾಲಿಫೋರ್ನಿಯ 1988ರ ಮಾದರಿಗಳಿಂದ ನಿಯಮ ತಂದಿತು. 1996ರಿಂದ ಅಮೆರಿಕದ ಎಲ್ಲ ಹೊಸ ಕಾರುಗಳಿಗೆ ಒಂದೇ ಸಾಕೆಟ್, ಒಂದೇ ಸಂಕೇತಪಟ್ಟಿ ಕಡ್ಡಾಯವಾಯಿತು. ಯುರೋಪಿನ ಪೆಟ್ರೋಲ್ ಕಾರುಗಳಿಗೆ ಅದು ಬಂದದ್ದು 2001ರಲ್ಲಿ. ನಮ್ಮಲ್ಲಿ ಬಿಎಸ್-4 ಎಂಬ ಹೊಗೆ ನಿಯಮದ ಜೊತೆ 2010ರ ಏಪ್ರಿಲ್‌ನಲ್ಲಿ ಮೊದಲ ಹಂತ, 2013ರ ಏಪ್ರಿಲ್‌ನಲ್ಲಿ ಎರಡನೇ ಹಂತ ಬಂದವು. ಬಿಎಸ್-5ನ್ನು ದಾಟಿ 2020ರಲ್ಲಿ ಬಿಎಸ್-6 ಬಂತು.

ಕಾನೂನು ಹುಟ್ಟಿದ್ದು ಹೊಗೆಗಾಗಿ ಎಂಬುದನ್ನು ನೆನಪಿಟ್ಟರೆ ಅಗ್ಗದ ಡಬ್ಬಿಯ ಮಿತಿಯೂ ಅರ್ಥವಾಗುತ್ತದೆ. ಹೊಗೆಗೆ ಸಂಬಂಧಿಸಿದ್ದನ್ನು ಕಾರು ಯಾರು ಕೇಳಿದರೂ ಹೇಳಲೇಬೇಕು. ಏರ್‌ಬ್ಯಾಗ್, ಬ್ರೇಕಿನ ಎಬಿಎಸ್ ಇವುಗಳ ಮಾತು ಕಂಪನಿಯ ಮನೆಮಾತು, ಅದಕ್ಕೆ ಬೇರೆ ಸ್ಕ್ಯಾನರ್ ಬೇಕು. ದೋಷದ ಸಂಕೇತದಲ್ಲೇ ಈ ಭೇದವಿದೆ. ಪಿ0 ಎಂದು ಶುರುವಾದರೆ ಎಲ್ಲ ಕಂಪನಿಗೂ ಒಂದೇ ಅರ್ಥ, ಪಿ1 ಎಂದರೆ ಆಯಾ ಕಂಪನಿಯ ಸ್ವಂತದ್ದು.

ಬಸವಕಲ್ಯಾಣದ ಆಟೊನಗರದಲ್ಲಿ ಮಿತಿ ಇನ್ನೊಂದು ಬಗೆಯದು. ಅಲ್ಲಿ ಲಾರಿಗಳದೇ ಸಾಮ್ರಾಜ್ಯ. ದೊಡ್ಡ ಲಾರಿಗಳ ವಿದ್ಯುತ್ತು 24 ವೋಲ್ಟ್, ಕಾರಿನದು 12. ಕೆಲವು ಲಾರಿಗಳಲ್ಲಿ ಒಂಬತ್ತು ಪಿನ್ನಿನ ದುಂಡು ಸಾಕೆಟ್ ಇರುತ್ತದೆ. 16 ತೂತಿನದೇ ಇದ್ದರೂ 24 ವೋಲ್ಟಿನ ಸಾಕೆಟ್ಟಿನ ತೋಡನ್ನು ನಡುವೆ ತುಂಡರಿಸಿರುತ್ತಾರೆ, ಕಾರಿನ ಡಬ್ಬಿ ಅದರೊಳಗೆ ಇಳಿಯದಿರಲಿ ಎಂದು. ಇಳಿಯಲಿಲ್ಲವೆಂದು ಬಲ ಹಾಕಿದರೆ ಡಬ್ಬಿ ಸುಟ್ಟೀತು.

ನನ್ನ ಫೋನಿನಲ್ಲಿ ಕಂಡದ್ದು ಪಿ0171. ಅರ್ಥ ಇಷ್ಟೆ: ಮಿಶ್ರಣದಲ್ಲಿ ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ. ಒಂದು ಗ್ರಾಂ ಪೆಟ್ರೋಲು ಪೂರ್ತಿ ಸುಡಲು ಸುಮಾರು 14.7 ಗ್ರಾಂ ಗಾಳಿ ಬೇಕು. ಹೊಗೆಕೊಳವೆಯ ಆಮ್ಲಜನಕ ಸೆನ್ಸರ್ ಈ ಹದವನ್ನು ನೋಡುತ್ತಲೇ ಇರುತ್ತದೆ. ಆಮ್ಲಜನಕ ಉಳಿದದ್ದು ಕಂಡರೆ ಕಂಪ್ಯೂಟರ್ ಪೆಟ್ರೋಲು ಏರಿಸುತ್ತದೆ, ಏರಿಸಿ ಏರಿಸಿ ಸಾಕಾದಾಗ ದೀಪ ಹಚ್ಚುತ್ತದೆ. ಈ ಏರಿಸುವ ಪ್ರಮಾಣಕ್ಕೆ ‘ಫ್ಯೂಯಲ್ ಟ್ರಿಮ್’ ಎನ್ನುತ್ತಾರೆ. ಆ ಕ್ಷಣದ್ದು ಒಂದು, ಬಹುದಿನಗಳ ರೂಢಿಯದು ಇನ್ನೊಂದು.

ಸಂಕೇತ ಕಂಡ ತಕ್ಷಣ ‘ಅಳಿಸು’ ಒತ್ತುವವರೇ ಹೆಚ್ಚು. ದೀಪ ಆರುತ್ತದೆ, ಸಾಕ್ಷಿಯೂ ಅಳಿಯುತ್ತದೆ. ಯಾಕೆಂದರೆ ದೋಷ ಕಂಡ ಕ್ಷಣದ ಒಂದು ಚಿತ್ರವನ್ನು ಕಾರು ಎತ್ತಿಟ್ಟಿರುತ್ತದೆ. ನನ್ನ ಕಾರಿನ ಚಿತ್ರದಲ್ಲಿ ವೇಗ ಸೊನ್ನೆ, ಎಂಜಿನ್ 740 ಸುತ್ತು, ನೀರಿನ ಬಿಸಿ 94 ಡಿಗ್ರಿ ಇದ್ದವು. ಅಂದರೆ ಕಾಯ್ದ ಎಂಜಿನ್, ನಿಂತ ಗಾಡಿ. ಹುಮನಾಬಾದಿನ ವೃತ್ತದಲ್ಲಿ ಎಮ್ಮೆಗಳು ದಾಟುವವರೆಗೆ ಕಾದದ್ದು ನೆನಪಾಯಿತು.

ಡಬ್ಬಿ ಚುಚ್ಚಿಕೊಂಡೇ ಪರಿಚಯದ ಮಿಸ್ತ್ರಿಯ ಗ್ಯಾರೇಜಿಗೆ ಹೋದೆ.

‘ಫೋನ್ ಏನ್ ಅಂತದ ಸರ್?’

‘ಗಾಳಿ ಜಾಸ್ತಿ ಆಗ್ಯದ ಅಂತದ.’

‘ಎಲ್ಲಿಂದ ಬರ್ಲಿಕತ್ತದ ಅಂತದೇನು?’

‘ಇಲ್ಲ.’

‘ಹಂಗಾದ್ರ ಬಾನೆಟ್ ತೆಗೀರಿ.’

ನಿಂತಾಗ ರೂಢಿಯ ಟ್ರಿಮ್ ಶೇಕಡಾ 22 ಹೆಚ್ಚು ತೋರಿಸುತ್ತಿತ್ತು. ಎಕ್ಸಲರೇಟರ್ ಒತ್ತಿ 2500 ಸುತ್ತಿಗೆ ಏರಿಸಿದರೆ ಶೇಕಡಾ 6ಕ್ಕೆ ಇಳಿಯುತ್ತಿತ್ತು. ಈ ಇಳಿತದಲ್ಲೇ ಉತ್ತರವಿತ್ತು. ಪೆಟ್ರೋಲ್ ಪಂಪು ಸೋತಿದ್ದರೆ ಎಂಜಿನ್ ಹೆಚ್ಚು ಬೇಡಿದಾಗ ಕೊರತೆ ಹೆಚ್ಚಬೇಕು. ಇಲ್ಲಿ ಉಲ್ಟಾ ಆಗುತ್ತಿತ್ತು. ನನ್ನ ಕಾರಿನಲ್ಲಿ ಒಳಬರುವ ಗಾಳಿಯನ್ನು ಬಾಗಿಲಲ್ಲೇ ಅಳೆಯುವ ಸೆನ್ಸರ್ ಇದೆ. ಅದನ್ನು ದಾಟಿದ ಮೇಲೆ ಎಲ್ಲೋ ತೂತು ಬಿದ್ದಿದ್ದರೆ, ಅಳತೆಗೆ ಸಿಗದ ಗಾಳಿ ಹಿತ್ತಲ ಬಾಗಿಲಿನಿಂದ ನುಗ್ಗುತ್ತದೆ. ಎಂಜಿನ್ ಸುಮ್ಮನೆ ತಿರುಗುವಾಗ ಒಳಗಿನ ಸೆಳೆತ ಬಲು ಜೋರು, ಬೇಕಾದ ಗಾಳಿ ಬಲು ಕಡಿಮೆ. ಆಗ ಆ ಕಳ್ಳಗಾಳಿಯ ಪಾಲು ದೊಡ್ಡದಾಗುತ್ತದೆ. ಎಂಜಿನ್ ಜೋರಾದಂತೆ ಅದು ಲೆಕ್ಕಕ್ಕಿಲ್ಲದಂತಾಗುತ್ತದೆ.

ಮಿಸ್ತ್ರಿಗೆ ಈ ಶೇಕಡಾ ಲೆಕ್ಕ ಬೇಕಿರಲಿಲ್ಲ. ಒಂದು ತುಂಡು ರಬ್ಬರ್ ಪೈಪನ್ನು ಕಿವಿಗೆ ಹಚ್ಚಿಕೊಂಡು, ಇನ್ನೊಂದು ತುದಿಯನ್ನು ಎಂಜಿನ್ ಮೇಲೆ ಅಲ್ಲಿ ಇಲ್ಲಿ ಆಡಿಸಿ ಒಂದು ಕಡೆ ನಿಂತರು. ‘ಸುಂಯ್ ಅಂತದ ನೋಡ್ರಿ.’ ಬೆರಳಿನಷ್ಟು ದಪ್ಪದ ಒಂದು ಪೈಪನ್ನು ಚಿವುಟಿ ಹಿಡಿದರು. ಎಂಜಿನ್ ನಡುಕ ನಿಂತಿತು. ಫೋನಿನಲ್ಲಿ ಆ ಕ್ಷಣದ ಟ್ರಿಮ್ ಸರ್ರನೆ ಜಾರಿ ಸೊನ್ನೆಯ ಕೆಳಗೆ ಇಳಿಯಿತು. ರೂಢಿಯಿಂದ ಹಾಕುತ್ತಿದ್ದ ಹೆಚ್ಚಿನ ಪೆಟ್ರೋಲು ಈಗ ಬೇಡವಾಗಿತ್ತು, ಕಂಪ್ಯೂಟರ್ ಅದನ್ನು ಕಳೆಯುತ್ತಿತ್ತು. ಪೈಪಿನ ತಳಭಾಗದಲ್ಲಿ ಹಲ್ಲಿನ ಗುರುತು. ತೊಗರಿ ಮೂಟೆಗಳ ಪಕ್ಕದಲ್ಲಿ ಕಾರು ನಿಲ್ಲಿಸಿದ್ದಕ್ಕೆ ಇಲಿ ವಸೂಲು ಮಾಡಿದ ಬಾಡಿಗೆ ಅದು.

ಪೈಪು ಬದಲಾದ ಮೇಲೆ ಸಂಕೇತ ಅಳಿಸಿದೆವು. ಹಾಗೆ ಅಳಿಸಿದಾಗ ಕಾರು ತನ್ನ ಸ್ವಯಂ ಪರೀಕ್ಷೆಗಳ ಫಲಿತಾಂಶವನ್ನೂ ಮರೆಯುತ್ತದೆ. ತಣ್ಣಗಿನ ಎಂಜಿನ್ನಿನಿಂದ ಶುರುಮಾಡಿ, ಊರೊಳಗೆ ನಿಂತು ನಿಂತು, ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿ, ಎಲ್ಲ ಬಗೆಯ ಸವಾರಿ ಆದ ಮೇಲೆಯೇ ಅವು ಮತ್ತೆ ‘ಸಿದ್ಧ’ ಎನ್ನುವುದು. ಹಳೆ ಕಾರು ಕೊಳ್ಳುವವರಿಗೆ ಇದು ಒಳ್ಳೆಯ ಉಪಾಯ. ದೀಪವಿಲ್ಲ, ಸಂಕೇತವೂ ಇಲ್ಲ, ಆದರೆ ಪರೀಕ್ಷೆಗಳೆಲ್ಲ ಅಪೂರ್ಣ ಎಂದರೆ, ನೀವು ಬರುವ ಮುಂಚೆ ಯಾರೋ ಸ್ಲೇಟು ಒರೆಸಿರಬಹುದು.

ಕೆಲಸ ಮುಗಿದ ಮೇಲೆ ಡಬ್ಬಿಯನ್ನು ಅಲ್ಲೇ ಬಿಡುವುದು ಜಾಣತನವಲ್ಲ. ಸಾಕೆಟ್ಟಿನ 16ನೇ ಪಿನ್ ನೇರ ಬ್ಯಾಟರಿಯಿಂದ ಬರುತ್ತದೆ, ಕೀಲಿ ತೆಗೆದರೂ ಜೀವಂತ. ಡಬ್ಬಿ 50 ಮಿಲಿಆಂಪಿಯರ್ ಎಳೆಯುತ್ತದೆಂದು ಹಿಡಿದರೆ ದಿನಕ್ಕೆ 1.2 ಆಂಪಿಯರ್-ತಾಸು. 35 ಆಂಪಿಯರ್-ತಾಸಿನ ಬ್ಯಾಟರಿ ಎರಡು ವಾರದಲ್ಲಿ ಅರ್ಧಕ್ಕೆ ಬರುತ್ತದೆ. ಎರಡನೇ ಭಯ ದೊಡ್ಡದು. ಕಾರಿನೊಳಗಿನ ಮಾತಿಗೆ ಹೊರಗಿನವರನ್ನು ಸೇರಿಸುವ ಬಾಗಿಲು ಇದು. ವಿಮೆ ಕಂಪನಿಗಳಿಗಾಗಿ ಇದೇ ಸಾಕೆಟ್ಟಿಗೆ ಹಾಕುವ, ಸಿಮ್ ಇರುವ ಒಂದು ಸಾಧನಕ್ಕೆ ಎಸ್‌ಎಂಎಸ್ ಕಳುಹಿಸಿ, ನಿಧಾನವಾಗಿ ಚಲಿಸುತ್ತಿದ್ದ ಕಾರಿನ ಬ್ರೇಕನ್ನೇ ಆಡಿಸಬಹುದೆಂದು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಸಂಶೋಧಕರು 2015ರಲ್ಲಿ ತೋರಿಸಿದ್ದರು. ಬ್ಲೂಟೂತ್ ಡಬ್ಬಿಗೆ ಹತ್ತು ಮೀಟರಿನ ಆಸುಪಾಸಿನವರಷ್ಟೇ ಮಾತಾಡಬಲ್ಲರು, ನಿಜ. ಆದರೆ ಗುಟ್ಟಿನ ಸಂಖ್ಯೆ 1234.

ಮುಂದಿನ ವಾರ ಮತ್ತೆ ಹುಮನಾಬಾದಿಗೆ ಹೋದಾಗ ಕೊನೆಯ ಸಲವೆಂದು ಡಬ್ಬಿ ಹಾಕಿದೆ. ಅದೇ ವೃತ್ತ, ಮತ್ತೆ ಎಮ್ಮೆಗಳು. ವೇಗ ಸೊನ್ನೆ, ಎಂಜಿನ್ 740 ಸುತ್ತು, ಟ್ರಿಮ್ ಶೇಕಡಾ 2. ದಾರಿ ಬಿಟ್ಟ ಮೇಲೆ ಗಾಡಿಯನ್ನು ಬದಿಗೆ ನಿಲ್ಲಿಸಿ ಡಬ್ಬಿ ಕಿತ್ತು ಡ್ಯಾಶ್‌ಬೋರ್ಡಿನ ಖಾನೆಗೆ ಹಾಕಿದೆ. ತೊಗರಿ ಮೂಟೆಗಳು ಮಾರಾಟವಾಗುವ ತನಕ ಕಾರು ಬೇವಿನ ಮರದ ಕೆಳಗೆ ನಿಲ್ಲುತ್ತಿದೆ.