ಷೇರು ಖಾತೆಯ ಬಾಗಿಲಲ್ಲಿ ಕೃತಕ ಬುದ್ಧಿ

ಮನುಷ್ಯನ ಮಾತನ್ನು ಗ್ರಹಿಸಿ ಉತ್ತರಿಸಬಲ್ಲ ಕೃತಕ ಬುದ್ಧಿಗೆ ಅವನ ಷೇರು ಖಾತೆಯನ್ನು ನೋಡುವ ಅಧಿಕಾರವನ್ನೂ ಇತ್ತರೆ ಏನಾದೀತೆಂಬ ಕುತೂಹಲಕ್ಕೆ, 2010ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಜೆರೋಧಾ ಎಂಬ ಷೇರು ದಲ್ಲಾಳಿ ಸಂಸ್ಥೆಯು 2025ರಲ್ಲಿ ಹೊರತಂದ ‘ಕೈಟ್ ಎಂಸಿಪಿ’ ಎಂಬ ತಂತ್ರಾಂಶವು ಒಂದು ಉತ್ತರ. 2024ರ ನವೆಂಬರಿನಲ್ಲಿ ಆಂತ್ರೊಪಿಕ್ ಎಂಬ ಕೃತಕ ಬುದ್ಧಿ ಸಂಸ್ಥೆಯು ಪ್ರಕಟಿಸಿದ ‘ಎಂಸಿಪಿ’ ಎಂಬ ಸಂಪರ್ಕ ನಿಯಮಾವಳಿಯೇ ಇದಕ್ಕೆ ಆಧಾರ.

ಇದರ ಕೈಪಿಡಿಯಲ್ಲಿ ವಿಶೇಷವಾಗಿ ಗಮನಿಸತಕ್ಕದ್ದು ಲಾಗಿನ್ ವಿಧಾನ. ಯಂತ್ರವು ಒಂದು ಲಿಂಕನ್ನು ಮುಂದಿಡುತ್ತದೆ. ಖಾತೆದಾರನು ಅದನ್ನೊತ್ತಿ, ಜೆರೋಧಾದ ಷೇರು ವ್ಯವಹಾರ ತಾಣವಾದ ಕೈಟ್‌ನ ಸ್ವಂತ ಪುಟದಲ್ಲಿಯೇ ಪಾಸ್‌ವರ್ಡನ್ನೂ ಅದರ ಜೊತೆಯ ಎರಡನೆಯ ಸಂಕೇತಾಂಕವನ್ನೂ ಕೊಡುವನಾದ್ದರಿಂದ, ಆ ಗುಟ್ಟು ಯಂತ್ರದ ಕಿವಿಗೆ ಬೀಳುವುದೇ ಇಲ್ಲ. ಅನಂತರ “ನನ್ನ ಷೇರುಗಳಲ್ಲಿ ಬ್ಯಾಂಕಿನವು ಎಷ್ಟು?” ಎಂದು ಕೇಳಿದರೆ, ಖಾತೆಯ ಅಂಕಿಗಳನ್ನು ತರಿಸಿಕೊಂಡು ಅದು ಲೆಕ್ಕ ಒಪ್ಪಿಸುತ್ತದೆ. ಲೆಕ್ಕದಲ್ಲಿ ತಪ್ಪಲಾರದೆಂದು ಮಾತ್ರ ನಂಬಬಾರದು.

ಸಂಸ್ಥೆಯೇ ನಡೆಸುವ ಸರ್ವರಿನಲ್ಲಿ, ವಿವೇಕದಿಂದಲೇ ಎನ್ನಬೇಕು, ಕೊಳ್ಳುವ ಮಾರುವ ಆದೇಶಗಳನ್ನು ಹೊರಗಿಟ್ಟಿದ್ದಾರೆ; ಆದರೆ ಮೂಲಸಂಕೇತವು ಮುಕ್ತವಾಗಿರುವುದರಿಂದ, ಅದನ್ನು ತನ್ನ ಗಣಕದಲ್ಲಿ ನಡೆಸಿಕೊಳ್ಳುವವನಿಗೆ ಅಂಥ ಆದೇಶಗಳನ್ನು ಕೊಡುವುದೂ ಸಾಧ್ಯ. ಈ ಭೇದವನ್ನು ಯಾವ ಕೈಪಿಡಿಯಾದರೂ ಮೊದಲ ಪುಟದಲ್ಲಿಯೇ ದಪ್ಪಕ್ಷರಗಳಲ್ಲಿ ಅಚ್ಚುಹಾಕಿದರೆ ಅತಿಯಾಗಲಾರದು.