ಪದಕದ ಅಂಚಿನಲ್ಲಿ ಉಳಿದ ಹೆಸರು

೧೯೮೦ರ ಆಸುಪಾಸಿನ ಮಾತು. ಬೆಳ್ಳಿಯ ಬೆಲೆ ಹಿಂದೆಂದೂ ಕಾಣದಷ್ಟು ಏರಿದ್ದ ಕಾಲ. ಕೋಲಾರದ ಪೇಟೆಯಲ್ಲಿ ಪರಿಚಯದವರೊಬ್ಬರ ಬೆಳ್ಳಿ ಅಂಗಡಿಯ ಜಗಲಿಯ ಮೇಲೆ ನಾನು ಕುಳಿತಿದ್ದೆ. ಶ್ರೀನಿವಾಸಪುರದ ಕಡೆಯ ಹಳ್ಳಿಯೊಂದರಿಂದ ಬಂದಿದ್ದ ಮುದುಕಿಯೊಬ್ಬರು ಸೆರಗಿನ ಗಂಟನ್ನು ಬಿಚ್ಚಿ ದುಂಡನೆಯ ಬಿಲ್ಲೆಯೊಂದನ್ನು ತಕ್ಕಡಿಯ ಬಳಿ ಇಟ್ಟರು. ಒಂದು ಬದಿಯಲ್ಲಿ ಐದನೆಯ ಜಾರ್ಜ್ ದೊರೆಯ ತಲೆ. ಇನ್ನೊಂದು ಬದಿಯಲ್ಲಿ ಕುದುರೆಯೇರಿದ ಬತ್ತಲೆ ಸವಾರ, ೧೯೧೪ ಮತ್ತು ೧೯೧೮ ಎಂಬ ಇಸವಿಗಳು. ತೂಕ ಹೆಚ್ಚು ಕಡಿಮೆ ಎರಡೂವರೆ ತೊಲ.

“ನಮ್ಮ ಮಾವನವರದ್ದು ಸ್ವಾಮಿ. ದಂಡಿಗೆ ಹೋಗಿದ್ದರಂತೆ,” ಎಂದರು ಆಕೆ. ಎಲ್ಲಿಗೆ, ಏನು ಮಾಡಿದರು ಎಂದರೆ ಅವರಿಗೆ ತಿಳಿಯದು.

ಆ ಬಿಲ್ಲೆಯ ಅಂಚನ್ನು ನಾನು ಬೆಳಕಿಗೆ ತಿರುಗಿಸಿ ನೋಡಿದೆ. ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಸಂಖ್ಯೆ, ‘ಸ್ಯಾಪರ್’ ಎಂಬ ದರ್ಜೆ, ಒಂದು ಹೆಸರು, ಕೊನೆಗೆ ಅವನು ಸೇರಿದ್ದ ದಳ. ಬೆಂಗಳೂರಿನಲ್ಲಿ ನೆಲೆಗೊಂಡಿದ್ದ ಎರಡನೆಯ ಕ್ವೀನ್ ವಿಕ್ಟೋರಿಯಾಸ್ ಓನ್ ಸ್ಯಾಪರ್ಸ್ ಅಂಡ್ ಮೈನರ್ಸ್, ಎಂದರೆ ಇಂದಿನ ಮದ್ರಾಸ್ ಎಂಜಿನಿಯರ್ ಗ್ರೂಪಿನ ಪೂರ್ವಜರು. ಹೆಸರನ್ನು ನಾನು ಗಟ್ಟಿಯಾಗಿ ಓದಿದೆ. ಮಾವನ ಹೆಸರನ್ನು ಆಡದೆಯೇ ಒಂದು ಬಾಳನ್ನು ಕಳೆದಿದ್ದ ಆ ತಾಯಿ, ಅವರೇ ಎದುರಿಗೆ ಬಂದು ನಿಂತರೋ ಎಂಬಂತೆ, ತಟ್ಟನೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಆದರೆ ಮನೆಯಲ್ಲಿ ಹಣದ ಅಗತ್ಯವಿತ್ತು. ಪದಕ ತಕ್ಕಡಿಗೆ ಹೋಯಿತು. ಅಂಚಿನ ಬರಹವನ್ನು ನಾನು ಒಂದು ಚೀಟಿಯ ಮೇಲೆ ಬರೆದುಕೊಂಡೆ.

ಅಂದಿನಿಂದ ನನ್ನನ್ನು ಕಾಡಿದ ಪ್ರಶ್ನೆ ಇದು: ಪದಕವೊಂದು ಏನನ್ನು ಹೇಳಬಲ್ಲದು? ಅದು ಹೇಳದೆ ಬಿಟ್ಟದ್ದನ್ನು ಎಲ್ಲಿ ಹುಡುಕಬೇಕು?

ನಮ್ಮ ಸೀಮೆಯವರಿಗೆ ಈ ಪ್ರಶ್ನೆ ಹೊಸದಾಗಬೇಕಾಗಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳ ಕೆರೆಯ ಏರಿಗಳ ಮೇಲೂ ಊರ ಮುಂದಣ ತೋಪುಗಳಲ್ಲೂ ವೀರಗಲ್ಲುಗಳು ನಿಂತಿವೆ. ಗಂಗರು, ಬಾಣರು, ನೊಳಂಬರು ಈ ನೆಲಕ್ಕಾಗಿ ಹೋರಾಡಿದ ಕಾಲದವು ಅವುಗಳಲ್ಲಿ ಅನೇಕ. ಬಿ. ಎಲ್. ರೈಸ್ ಅವರು ಕೋಲಾರ ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟವಾಗಿ ೧೯೦೫ರಲ್ಲಿ ಪ್ರಕಟಿಸಿದರು. ತಾಲ್ಲೂಕಿನ ಹೆಸರು, ಅದರ ಮುಂದೆ ಒಂದು ಸಂಖ್ಯೆ. ಹೊಲದಲ್ಲಿ ಒರಗಿ ಬಿದ್ದ ಕಲ್ಲಿಗೆ ಹೀಗೆ ಒಂದು ವಿಳಾಸ ದೊರೆಯಿತು. ಸಂಪುಟವನ್ನು ತೆರೆದು ಆ ಸಂಖ್ಯೆಯನ್ನು ಹುಡುಕಿದರೆ, ತುರುಗಳನ್ನು ಮರಳಿ ತರಹೋಗಿ ಇಂಥ ಊರಿನ ಇಂಥವನು ಸತ್ತ, ಅವನ ಮನೆಯವರಿಗೆ ಇಷ್ಟು ಭೂಮಿಯನ್ನು ಕೊಟ್ಟರು ಎಂಬ ವೃತ್ತಾಂತ ಸಿಕ್ಕುತ್ತದೆ. ವೀರನ ಪರವಾಗಿ ಕೊಟ್ಟ ಇಂಥ ದತ್ತಿಗೆ ‘ಬಾಳ್ಗಚ್ಚು’ ಎಂಬ ಹೆಸರಿತ್ತು. ಖಡ್ಗವನ್ನು ತೊಳೆದು ಕೊಟ್ಟದ್ದು ಎಂದರ್ಥ.

ಮಂಡ್ಯ ಸೀಮೆಯ ಆತಕೂರಿನ ಶಾಸನ ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಹತ್ತನೆಯ ಶತಮಾನದಲ್ಲಿ ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರನನ್ನು ಮೆಚ್ಚಿದ ಒಡೆಯ ಬೇಕಾದುದನ್ನು ಬೇಡಿಕೋ ಎಂದಾಗ, ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಮುಂದೆ ಹಂದಿಯೊಂದಿಗೆ ಕಾದಾಡಿ ಸತ್ತಿತು. ಅದರ ನೆನಪಿಗೂ ಕಲ್ಲು ನಿಂತಿತು. ಶೌರ್ಯ, ಮೆಚ್ಚು, ಕಾರಣ ಮೂರನ್ನೂ ಕಲ್ಲೇ ಹೇಳುತ್ತದೆ. ನಮ್ಮ ವೀರಗಲ್ಲಿನ ಹಿರಿಮೆ ಇದೇ: ಪದಕವೂ ಅದೇ, ಕಡತವೂ ಅದೇ.

ಆಧುನಿಕ ರಾಜ್ಯಗಳು ಇವೆರಡನ್ನೂ ಬೇರೆ ಮಾಡಿದುವು. ಲೋಹ ಸೈನಿಕನ ಎದೆಗೆ. ಕಥೆ ಕಚೇರಿಯ ಕಪಾಟಿಗೆ. ಈ ವಿಂಗಡಣೆಯನ್ನು ಅತ್ಯಂತ ಕ್ರಮಬದ್ಧವಾಗಿ ನಡೆಸಿದ್ದು ಸೋವಿಯತ್ ಒಕ್ಕೂಟ. ಅಲ್ಲಿನ ‘ಕೆಂಪು ನಕ್ಷತ್ರ’ವನ್ನು ನೋಡಿ. ೧೯೩೦ರಲ್ಲಿ ಸ್ಥಾಪನೆಯಾದ ಗೌರವ ಅದು. ಕೆಂಪು ಎನಾಮೆಲ್ ಹಚ್ಚಿದ ಐದು ಮೂಲೆಯ ಬೆಳ್ಳಿಯ ನಕ್ಷತ್ರ, ನಡುವೆ ಬಂದೂಕು ಹಿಡಿದು ನಿಂತ ಸೈನಿಕ. ಮೂವತ್ತೆಂಟು ಲಕ್ಷಕ್ಕೂ ಹೆಚ್ಚು ಸಲ ಅದನ್ನು ನೀಡಲಾಯಿತು. ಅದನ್ನು ಪಡೆದವನ ಹೆಸರು ಅದರ ಮೇಲೆ ಎಲ್ಲಿಯೂ ಇಲ್ಲ. ಬೆನ್ನ ಮೇಲೆ ಇರುವುದು ಒಂದು ಸಂಖ್ಯೆ ಮಾತ್ರ.

ಆ ಸಂಖ್ಯೆಯೇ ಬೀಗದ ಕೈ. ಸಂಖ್ಯೆಯಿಂದ ದಾಖಲೆಯ ಕಾರ್ಡು ದೊರೆಯುತ್ತದೆ. ಅದರಲ್ಲಿ ಸೈನಿಕನ ಹೆಸರು, ಹುಟ್ಟೂರು, ಅವನು ಪಡೆದ ಎಲ್ಲ ಗೌರವಗಳ ವಿವರ. ಅದರಿಂದ ಪದಕ ನೀಡಿದ ಆಜ್ಞೆ. ಆಜ್ಞೆಯಿಂದ ಶಿಫಾರಸಿನ ಹಾಳೆ. ಮಾಸ್ಕೋ ಬಳಿಯ ಪೊದೋಲ್ಸ್ಕ್ ಊರಿನ ಸೇನಾ ಪತ್ರಾಗಾರದಲ್ಲಿ ಇಂಥ ಹಾಳೆಗಳನ್ನು ಕಾಪಾಡಲಾಗಿದೆ. ೨೦೧೦ರಿಂದ ಈಚೆಗೆ ರಷ್ಯಾದ ರಕ್ಷಣಾ ಇಲಾಖೆ ಅವುಗಳ ಪ್ರತಿಬಿಂಬಗಳನ್ನು ಗಣಕಯಂತ್ರದ ಮೂಲಕ ಸಾರ್ವಜನಿಕರಿಗೆ ತೆರೆದಿಟ್ಟಿತು. ಹಾಳೆಯಲ್ಲಿ ಒಂದು ಅಂಕಣವಿದೆ. ‘ವೈಯಕ್ತಿಕ ಸಾಹಸದ ಸಂಕ್ಷಿಪ್ತ, ಖಚಿತ ನಿರೂಪಣೆ’ ಎಂಬುದು ಅದರ ತಲೆಬರಹದ ತಾತ್ಪರ್ಯ. ಯುದ್ಧರಂಗದಲ್ಲೇ ದಳಪತಿ ಅದನ್ನು ಬರೆಯಬೇಕಾಗಿತ್ತು. ವರ್ಣನೆಗೆ ಅಲ್ಲಿ ಎಡೆಯಿಲ್ಲ. ದಿನ, ಸ್ಥಳ, ಲೆಕ್ಕ.

ಲೆಕ್ಕವೆಂದಾಗ ಒಂದು ಸಂಗತಿಯನ್ನು ಹೇಳಬೇಕು. ಗಾಯಾಳುಗಳನ್ನು ರಣರಂಗದಿಂದ ಹೊತ್ತು ತರುತ್ತಿದ್ದವರಿಗಾಗಿ ೧೯೪೧ರ ಆಗಸ್ಟ್ ತಿಂಗಳಲ್ಲಿ ಒಂದು ಆಜ್ಞೆ ಹೊರಟಿತು. ೧೫ ಮಂದಿ ಗಾಯಾಳುಗಳನ್ನು ಅವರ ಬಂದೂಕುಗಳ ಸಮೇತ ಹೊತ್ತು ತಂದವರಿಗೆ ಪದಕ. ೨೫ ಮಂದಿಯನ್ನು ತಂದರೆ ಕೆಂಪು ನಕ್ಷತ್ರ. ೪೦ ಮಂದಿಗೆ ಕೆಂಪು ಬಾವುಟದ ಗೌರವ. ೮೦ ಮಂದಿಗೆ ಲೆನಿನ್ ಗೌರವ. ಈ ಮಾತು ತಿಳಿದ ಮೇಲೆ, ಗಾಯಾಳುಗಳನ್ನು ಹೊತ್ತವಳ ಕೆಂಪು ನಕ್ಷತ್ರ ಕೇವಲ ಆಭರಣವಾಗಿ ಕಾಣಲಾರದು. ಇಪ್ಪತ್ತೈದು ದೇಹಗಳ ಭಾರ ಅದರಲ್ಲಿದೆ. ನಮ್ಮ ಬಾಳ್ಗಚ್ಚಿನಂತೆ ಅಲ್ಲಿಯೂ ಗೌರವದೊಂದಿಗೆ ಜೀವನಕ್ಕೆ ಆಧಾರವಿತ್ತು: ಕೆಂಪು ನಕ್ಷತ್ರ ಪಡೆದವರಿಗೆ ತಿಂಗಳಿಗೆ ೧೫ ರೂಬಲ್ ಸಲ್ಲುತ್ತಿತ್ತು. ೧೯೪೮ರ ಆರಂಭದಿಂದ ಆ ಹಣ ನಿಂತಿತು.

ಈ ಕೆಂಪು ನಕ್ಷತ್ರ ನಮ್ಮ ದೇಶದವರ ಎದೆಯನ್ನೂ ಅಲಂಕರಿಸಿದೆ. ಇರಾನಿನ ಹಾದಿಯಾಗಿ ಸೋವಿಯತ್ ಸೇನೆಗೆ ಸರಕು ಸಾಗಿಸಿದ ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರಿನ ಇಬ್ಬರು, ಸುಬೇದಾರ್ ನಾರಾಯಣ ರಾವ್ ನಿಕ್ಕಂ ಮತ್ತು ಹವಾಲ್ದಾರ್ ಗಜೇಂದ್ರ ಸಿಂಗ್ ಚಂದ್, ೧೯೪೪ರಲ್ಲಿ ಅದನ್ನು ಪಡೆದರು. ೨೦೨೦ರಲ್ಲಿ, ವಿಜಯದ ಎಪ್ಪತ್ತೈದನೆಯ ವರ್ಷದ ಸಂದರ್ಭದಲ್ಲಿ, ಆ ಹೆಸರುಗಳು ಮತ್ತೆ ಕೇಳಿಬಂದುವು.

ಈಗ ಬೆಳ್ಳಿ ಅಂಗಡಿಗೆ ಮರಳೋಣ. ಸೋವಿಯತ್ ನಕ್ಷತ್ರದ ಮೇಲೆ ಹೆಸರಿಲ್ಲ, ಕಡತದಲ್ಲಿ ಕಥೆಯಿದೆ. ಸ್ಯಾಪರನ ಬಿಲ್ಲೆಯ ಸ್ಥಿತಿ ಇದಕ್ಕೆ ತದ್ವಿರುದ್ಧ: ಅಂಚಿನಲ್ಲಿ ಹೆಸರಿದೆ, ಕಥೆಯನ್ನು ಬರೆದವರೇ ಇಲ್ಲ. ಅದು ಯುದ್ಧದಲ್ಲಿ ಸೇವೆ ಸಲ್ಲಿಸಿದವರಿಗೆಲ್ಲ ಕೊಟ್ಟ ಪದಕ. ಒಬ್ಬೊಬ್ಬನ ಸಾಹಸವನ್ನೂ ಅದಕ್ಕಾಗಿ ಯಾರೂ ನಿರೂಪಿಸಬೇಕಾಗಿರಲಿಲ್ಲ. ಶೌರ್ಯಪದಕಗಳ ಮಾತು ಬೇರೆ. ಇದೇ ಮದ್ರಾಸ್ ಸ್ಯಾಪರ್ಸ್ ದಳದ ಸುಬೇದಾರ್ ಸುಬ್ರಮಣಿಯನ್ ೧೯೪೪ರ ಫೆಬ್ರವರಿ ೨೪ರಂದು ಇಟಲಿಯ ಮಿಗ್ನಾನೋ ಬಳಿ, ಸಂಗಡಿಗರನ್ನು ಉಳಿಸಲು ಸಿಡಿಯಲಿದ್ದ ನೆಲಬಾಂಬಿನ ಮೇಲೆ ತಾವೇ ಬಿದ್ದು ಪ್ರಾಣ ತೆತ್ತರು. ಅವರಿಗೆ ಜಾರ್ಜ್ ಕ್ರಾಸ್ ಸಂದಿತು. ಯಾರೋ ಕಂಡರು, ಯಾರೋ ಬರೆದರು. ಆದ್ದರಿಂದ ನಮಗೆ ತಿಳಿಯಿತು.

ಬರೆಯದೆ ಬಿಟ್ಟವರ ಗತಿ ಏನಾಯಿತೆಂಬುದಕ್ಕೆ ಬಸ್ರಾ ಸ್ಮಾರಕ ಸಾಕ್ಷಿ. ಮೊದಲ ಮಹಾಯುದ್ಧದಲ್ಲಿ ಮೆಸಪೊಟೇಮಿಯದಲ್ಲಿ ಮಡಿದು, ಸಮಾಧಿಯೇ ತಿಳಿಯದೆ ಹೋದವರಿಗಾಗಿ ೧೯೨೯ರಲ್ಲಿ ಅದನ್ನು ತೆರೆದರು. ಬ್ರಿಟಿಷ್ ಸೈನಿಕರ ಹೆಸರುಗಳನ್ನು ಅದರ ಮೇಲೆ ಕೆತ್ತಿದರು. ಭಾರತದ ಸಾಮಾನ್ಯ ಸೈನಿಕರ ಸರದಿ ಬಂದಾಗ, ಇಂಥ ದಳದಲ್ಲಿ ಇಷ್ಟು ಮಂದಿ ಎಂದು ಸಂಖ್ಯೆಯನ್ನು ಮಾತ್ರ ಕೆತ್ತಿ ಮುಗಿಸಿದರು. ಇಂಥ ತಾರತಮ್ಯಕ್ಕಾಗಿ ಸಮಾಧಿ ಆಯೋಗ ಕ್ಷಮೆ ಕೇಳಿದ್ದು ೨೦೨೧ರಲ್ಲಿ. ಕಲ್ಲಿನ ಮೇಲೆ ಹೆಸರಿಲ್ಲದವನ ಹೆಸರು ಪದಕದ ಅಂಚಿನ ಮೇಲೆ ಇತ್ತು. ಅವನಿಗೆ ದೊರೆತ ವೀರಗಲ್ಲು ಅದೊಂದೇ. ಅದು ಕರಗಬಲ್ಲ ಬೆಳ್ಳಿಯದು.

ಎರಡನೆಯ ಮಹಾಯುದ್ಧದ ಪದಕಗಳಲ್ಲಿಯೂ ಈ ವಿಶೇಷವಿದೆ. ಬ್ರಿಟನ್ನಿನ ಸೈನಿಕರಿಗೆ ಸೇವಾಪದಕಗಳನ್ನು ಹೆಸರು ಕೆತ್ತದೆಯೇ ಹಂಚಿದರು. ಭಾರತದ ಸೈನಿಕರಿಗೆ ಹೆಸರು ಕೆತ್ತಿ ಕೊಟ್ಟರು. ಆದ್ದರಿಂದ ನಮ್ಮ ಹಳ್ಳಿಯ ಟ್ರಂಕಿನಲ್ಲಿರುವ ಪದಕ ಲಂಡನ್ನಿನ ಮನೆಯೊಂದರ ಪದಕಕ್ಕಿಂತ ಹೆಚ್ಚು ಮಾತಾಡಬಲ್ಲದು. ಹುಡುಕುವವರಿಗೆ ದಾರಿಯೂ ಇದೆ. ಪಂಜಾಬಿನಲ್ಲಿ ಮೊದಲ ಯುದ್ಧಕ್ಕೆ ಹೋದ ಸುಮಾರು ೩,೨೦,೦೦೦ ಮಂದಿಯ ವಿವರಗಳು ಊರೂರಿನ ಲೆಕ್ಕದಲ್ಲಿ ಲಾಹೋರಿನ ವಸ್ತುಸಂಗ್ರಹಾಲಯದಲ್ಲಿ ಉಳಿದಿದ್ದು, ನೂರು ವರ್ಷಗಳ ಮೇಲೆ ಬೆಳಕು ಕಂಡುವು. ಮೊಮ್ಮಕ್ಕಳು ತಮ್ಮ ಊರಿನ ಪುಟವನ್ನು ಹುಡುಕಿ ತಾತನನ್ನು ಕಂಡುಕೊಳ್ಳಬಹುದಾಯಿತು. ಆದರೆ ಹುಡುಕಾಟ ಎಲ್ಲಿ ಆರಂಭವಾದರೂ ಅದಕ್ಕೆ ಬೇಕಾದವು ಆ ನಾಲ್ಕೇ: ಸಂಖ್ಯೆ, ದರ್ಜೆ, ಹೆಸರು, ದಳ.

ಆದ್ದರಿಂದ ನನ್ನ ವಿನಂತಿ ಚಿಕ್ಕದು. ನಿಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಇಂಥ ಬಿಲ್ಲೆಯೇನಾದರೂ ಇದ್ದರೆ ಅದನ್ನು ಹುಣಿಸೆಹಣ್ಣು, ಬೂದಿ ಹಾಕಿ ಉಜ್ಜಬೇಡಿ, ಅಕ್ಷರ ಸವೆಯುತ್ತದೆ. ನಕ್ಷತ್ರದಂಥ ಪದಕವಾದರೆ ಅದರ ಬೆನ್ನನ್ನು ನೋಡಿ. ದುಂಡನೆಯದಾದರೆ ಅಂಚನ್ನು ಬೆಳಕಿಗೆ ತಿರುಗಿಸಿ. ಇದ್ದುದನ್ನು ಇದ್ದಂತೆಯೇ ಬರೆದಿಡಿ. ಮಾರಲೇಬೇಕಾದ ಕಷ್ಟ ಬಂದರೂ ಬರೆದ ಮೇಲೆ ಮಾರಿ. ಆ ತಾಯಿ ತಂದ ಪದಕ ಅಂದೇ ಕರಗಿ ಯಾರ ಮನೆಯ ಮಗುವಿನ ಕಾಲ್ಗೆಜ್ಜೆಯಾಯಿತೋ ತಿಳಿಯದು. ಚೀಟಿ ಮಾತ್ರ ನನ್ನ ಬಳಿ ಇದೆ. ಮತ್ತು ಬರೆದುಕೊಂಡ ಹೆಸರನ್ನು ಮನೆಯಲ್ಲಿ ಒಮ್ಮೆ ಗಟ್ಟಿಯಾಗಿ ಓದಿ. ಒಳಕೋಣೆಯಲ್ಲಿ ಯಾರಾದರೂ ಹಿರಿಯರು ಸೆರಗನ್ನು ಸರಿಮಾಡಿಕೊಂಡಾರು.